ಬೇವಿನ ಗಿಡಕ್ಕೆ ಇಟ್ಟ ಗುರಿ

ಚೆಂಡು ಕಿಟಕಿಯಿಂದ ಒಳಗೆ ಬಂತು!

ಪದ್ಮವ್ವ ಆಗ ಹದಿನಾಲ್ಕನೆಯ ಹಂಚುಗಾಲುವೆಯ ನಕಾಶೆಯ ಮೇಲೆ ಬಾಗಿದ್ದಳು. ಮೂರು ದಿನದ ಕೆಲಸ. ಇನ್ನೊಂದು ಗೆರೆ ಎಳೆದರೆ ಮುಗಿಯುತ್ತಿತ್ತು. ಅಷ್ಟರಲ್ಲಿ ಲಿಂಬೆಹಣ್ಣಿನ ಗಾತ್ರದ ಬಿಳಿ ಚೆಂಡೊಂದು ಮೇಜಿನ ಮೇಲೆ ಟಪ್ಪನೆ ಬಿದ್ದು, ಮಸಿಯ ಕುಡಿಕೆಯನ್ನು ಉರುಳಿಸಿ, ಗೋಡೆಗೆ ಬಡಿದು, ಅವಳ ಕಾಲ ಬಳಿ ಬಂದು ನಿಂತಿತು.

ಕಾಲುವೆ ಅವಳ ಕಣ್ಣೆದುರೇ ಕಪ್ಪು ಕೆರೆಯಾಯಿತು.

ಅವಳು ಚೆಂಡನ್ನು ಎತ್ತಿಕೊಂಡು ಹೊರಗೆ ಓಡಿದಳು. ನಕಾಶೆ ಶಾಖೆಯ ತಗಡಿನ ಶೆಡ್ಡಿನ ಮುಂದೆ ದೊಡ್ಡ ಬಯಲು. ಅದರ ಆ ತುದಿಯಲ್ಲಿ, ಕೈಯಲ್ಲಿ ಕಬ್ಬಿಣದ ತುದಿಯ ಉದ್ದನೆಯ ಕೋಲು ಹಿಡಿದು, ಒಬ್ಬ ಯುವಕ ಕಲ್ಲಾಗಿ ನಿಂತಿದ್ದ.

"ಯಾರಿಗೆ ಹೊಡದ್ರಿ ಇದನ್ನ?"

"ಗಿಡಕ್ಕರಿ..."

"ಗಿಡ ಅಲ್ಲೈತಿ! ನನ್ನ ಕಿಟಕಿ ಇಲ್ಲೈತಿ! ನಡುವ ಒಂದು ಎಮ್ಮಿ ಹಿಂಡು ಹಾಯಬಹುದು!"

ಅವನು ಬೇವಿನ ಗಿಡವನ್ನು ನೋಡಿದ. ಕಿಟಕಿಯನ್ನು ನೋಡಿದ. ಅವನ ಮುಖದಲ್ಲಿ ಕಪಟ ಇರಲಿಲ್ಲ. ಲೆಕ್ಕ ತಪ್ಪಿದ ಮಗುವಿನ ಗೊಂದಲ ಮಾತ್ರ ಇತ್ತು. ಅದು ಪದ್ಮವ್ವಳನ್ನು ಇನ್ನಷ್ಟು ಕೆರಳಿಸಿತು.

"ಚೆಂಡು ಕೊಡ್ರೆಲಾ... ನನ್ನ ಹತ್ರ ಹನ್ನೊಂದ ಅದಾವು."

ಅವಳು ಚೆಂಡನ್ನು ಅವನ ಎದೆಗೆ ಬೀಸಿ ಒಗೆದಳು. ಅದು ನೇರವಾಗಿ ಹೋಗಿ ತಾಗಿತು.

ಅವನ ಹೆಸರು ಶಟ್ಟೆಪ್ಪ. ದೊಡವಾಡದವನು. ಸವದತ್ತಿಯ ಬಳಿ ನವಿಲುತೀರ್ಥದ ಆಣೆಕಟ್ಟಿನ ಕೆಲಸದಲ್ಲಿ ನಾಲ್ಕು ವರ್ಷದಿಂದ ದಿನಗೂಲಿ. ಸರ್ವೆಯವರು ದುರ್ಬೀನಿನಲ್ಲಿ ನೋಡುವಾಗ ದೂರದಲ್ಲಿ ಕೆಂಪು ಬಿಳಿ ಪಟ್ಟಿಯ ಕಂಬ ಹಿಡಿದು ನಿಲ್ಲುವುದು ಅವನ ಕೆಲಸ. ಸಂಜೆ ಮಾತ್ರ ಈ ವಿಚಿತ್ರ ಆಟ. ವರ್ಗವಾಗಿ ಹೋದ ದೊಡ್ಡ ಸಾಹೇಬರು ಅದನ್ನು ಗಾಲ್ಫ್ ಎನ್ನುತ್ತಿದ್ದರು. ಹೋಗುವಾಗ ಒಂದು ಹಳೆಯ ಕೋಲನ್ನೂ ಹನ್ನೊಂದು ಚೆಂಡುಗಳನ್ನೂ ಅವನಿಗೆ ಬಿಟ್ಟುಹೋಗಿದ್ದರು.

ಮರುದಿನ ಸಂಜೆ ಚೆಂಡು ಕಿಟಕಿಯ ಕೆಳಗಿನ ಕಲ್ಲಿಗೆ ಬಡಿಯಿತು. ಅದರ ಮರುದಿನ ಎರಡು. ಶನಿವಾರ ಐದು!

ಶೆಡ್ಡಿನಲ್ಲಿ ಚಹಾ ಮಾಡುವ ಸಾವಂತ್ರೆವ್ವ ಎಣಿಸತೊಡಗಿದಳು.

"ಪದ್ಮಕ್ಕಾ, ಇವತ್ತ ಎಷ್ಟು ಕಾಗದ ಬಂದ್ವು?"

"ಎಂಥಾ ಕಾಗದ?"

"ಅವಾ ಓದಾಕ ಬರೀಲಾಕ ಬಾರದಾಂವ. ಚೆಂಡಿನಾಗ ಬರದ ಕಳಸ್ತಾನ. ನೀ ಒಂದ ಸಲ ಉತ್ತರಾನರ ಬರೀ, ಪಾಪ!"

ಹೆಂಗಸರು ಸೆರಗು ಬಾಯಿಗಿಟ್ಟು ನಕ್ಕರು. ಪದ್ಮವ್ವಳ ಕಿವಿ ಬಿಸಿಯಾಯಿತು. ಧಾರವಾಡದಲ್ಲಿ ನಕಾಶೆ ಕೆಲಸ ಕಲಿತು, ಈ ಶೆಡ್ಡಿನಲ್ಲಿ ಮೊದಲ ಹೆಣ್ಣು ನೌಕರಳಾಗಿ ಕೂತವಳು ಅವಳು. ಅಪ್ಪ ಭರಮಪ್ಪ ಇಲ್ಲಿಯೇ ಉಗ್ರಾಣದ ಕಾವಲುಗಾರ. ಮಗಳು ಕೆಲಸಕ್ಕೆ ಸೇರಿದ ದಿನ ಮನೆಯ ಬುದ್ಧನ ಪಟದ ಮುಂದೆ ದೀಪ ಹಚ್ಚಿ, ಗಂಡಸು ಅತ್ತುಬಿಟ್ಟಿದ್ದ. ಇಂಥ ಮಾತು ಅವನ ಕಿವಿಗೆ ಬಿದ್ದರೆ?

ಸೋಮವಾರ ಅವಳು ಬಯಲು ದಾಟಿ ನೇರವಾಗಿ ಅವನೆದುರು ಹೋಗಿ ನಿಂತಳು.

"ಇವತ್ತಿಗೆ ನಿಂದ್ರಸ್ರಿ. ಇಲ್ಲಂದ್ರ ಸಾಹೇಬ್ರಿಗೆ ಬರದು ಕೊಡತೇನಿ. ಮಂದಿ ಏನೇನ ಅನ್ನಾಕ ಹತ್ಯಾರ ಗೊತ್ತೈತಿ?"

"ಗೊತ್ತೈತ್ರಿ... ನಾ ಏನ ಮಾಡ್ಲಿ? ಬೇಕಂತ ಹೊಡಿಯಾಕ ಹತ್ತಿಲ್ಲ. ಗಿಡಕ್ಕ ಗುರಿ ಇಡತೇನಿ. ಅದು ನಿಮ್ಮ ಕಡೀಗೇ ಹೊಕ್ಕೈತಿ!"

"ಹಂಗಾರ ಆಟ ಬಿಡ್ರಿ."

"ಬಿಟ್ರ ಮುಗೀತು ನನ್ನ ಬಾಳೇವು."

ಅವನು ಅಳುಕುತ್ತ ಹೇಳಿದ. ಆಣೆಕಟ್ಟಿನ ಕೆಲಸ ಮುಗಿದಿದೆ. ಬರುವ ತಿಂಗಳ ಕೊನೆಗೆ ದಿನಗೂಲಿಯವರೆಲ್ಲ ಮನೆಗೆ. ಆದರೆ ಬೆಳಗಾವಿಯಲ್ಲಿ ಈ ಆಟದ ಮೈದಾನವೊಂದಿದೆ. ಅಲ್ಲಿ ಹೊಸಬರಿಗೆ ಹೊಡೆಯುವುದನ್ನು ಹೇಳಿಕೊಡಲು ಒಬ್ಬ ಬೇಕಂತೆ. ಹಳೆಯ ಸಾಹೇಬರು ಅವನ ಹೆಸರು ಹೇಳಿದ್ದಾರೆ. ಪರೀಕ್ಷೆ ಮುಂದಿನ ತಿಂಗಳು. ಹತ್ತು ಚೆಂಡು ಹೊಡೆಯಬೇಕು, ಏಳು ನಿಶಾನೆಯ ಬಳಿ ಬೀಳಬೇಕು.

"ನನ್ನವು ಹತ್ತೂ ನಿಮ್ಮ ಕಿಟಕಿಗೆ ಬೀಳ್ತಾವ್ರಿ," ಎಂದು ಅವನು ತಲೆ ತಗ್ಗಿಸಿದ.

ಅವಳಿಗೆ ನಗು ಬಂತು. ತಡೆದಳು. "ಒಂದು ಹೊಡ್ರಿ ನೋಡೂಣು. ನಾ ಹಿಂದ ನಿಂದರತೇನಿ."

ಪದ್ಮವ್ವ ಅವನ ಬೆನ್ನಿನ ಕಡೆ ನಿಲ್ಲಲಿಲ್ಲ. ಚೆಂಡಿನ ಹಿಂದೆ, ಚೆಂಡೂ ಗಿಡವೂ ಒಂದೇ ಸಾಲಿನಲ್ಲಿ ಕಾಣುವ ಹಾಗೆ ನಿಂತಳು. ದಿನವಿಡೀ ಗೆರೆ ಎಳೆಯುವ ಕಣ್ಣಿಗೆ ತಪ್ಪು ತಕ್ಷಣ ಸಿಕ್ಕಿತು. ಅವನು ಕಂಬ ಹಿಡಿಯುವವನ ಹಾಗೆ ನಿಂತಿದ್ದ! ನಾಲ್ಕು ವರ್ಷದ ಅಭ್ಯಾಸ. ಎಡಗಾಲು ಬಲಗಾಲಿಗಿಂತ ಒಂದು ಗೇಣು ಮುಂದೆ, ಚೆಂಡಿನ ಕಡೆಗೆ; ಭುಜವೂ ಅದರ ಜೊತೆಗೇ ತಿರುಗಿತ್ತು. ಚೆಂಡಿನ ದಾರಿಗೆ ಅವನ ಮೈ ಅಡ್ಡವಾಗಿತ್ತು.

"ಅಳ್ಳಾಡಬ್ಯಾಡ್ರಿ!"

ನೆಲದ ಮೇಲಿದ್ದ ಕೆಂಪು ಬಿಳಿ ಕಂಬವನ್ನು ಎತ್ತಿ, ಅವನ ಎರಡೂ ಕಾಲ ಬೆರಳುಗಳಿಗೆ ತಾಗುವಂತೆ ಇಟ್ಟಳು. ಆಮೇಲೆ ಕುಕ್ಕರಗಾಲಲ್ಲಿ ಕೂತು, ಕಂಬದ ತುದಿ ಎಲ್ಲಿಗೆ ನೋಡುತ್ತಿದೆ ಎಂದು ಕಣ್ಣು ಕಿರಿದು ಮಾಡಿ ನೋಡಿದಳು.

ಅದು ಅವಳ ಕಿಟಕಿಯನ್ನು ನೋಡುತ್ತಿತ್ತು. ಸರಿಯಾಗಿ, ಅವಳು ಕೂರುವ ಕುರ್ಚಿಯನ್ನು.



"ಬುದ್ಧನ ಆಣಿರಿ... ನಾ ಬೇಕಂತ ಹಂಗ ನಿಂತಿಲ್ಲ," ಎಂದ ಅವನು.

"ಗೊತ್ತೈತಿ," ಎಂದಳು. ಯಾಕೋ ಆ ಮಾತು ಅವಳಿಗೇ ಸ್ವಲ್ಪ ಚುಚ್ಚಿತು.

ಆ ದಿನದಿಂದ ಸಂಜೆಯ ಪಾಠ ಶುರುವಾಯಿತು. ಗಿಡ ದೂರ. ಅದನ್ನೇ ದಿಟ್ಟಿಸುತ್ತ ನಿಂತರೆ ಮೈ ಮೋಸ ಮಾಡುತ್ತದೆ. ಅದಕ್ಕೆ ಮೊದಲು ಚೆಂಡಿನ ಹಿಂದೆ ನಿಂತು, ಚೆಂಡಿನಿಂದ ಒಂದು ಮೊಳ ಮುಂದೆ, ಗಿಡದ ದಾರಿಯಲ್ಲೇ ಬಿದ್ದಿರುವ ಒಂದು ಹರಳನ್ನು ಆರಿಸಬೇಕು. ಕೋಲಿನ ಮುಖವನ್ನು ಆ ಹರಳಿಗೆ ನೇರ ಇಡಬೇಕು. ಕಾಲುಗಳು ಕೊನೆಗೆ. ಕಾಲಿನ ಗೆರೆ ಚೆಂಡಿನ ಗೆರೆಯ ಪಕ್ಕದಲ್ಲೇ, ಸಮನಾಗಿ ಸಾಗಬೇಕು. ಅದನ್ನು ಕತ್ತರಿಸಬಾರದು.

"ಹಿಂಗ ನಿಂತ್ರ ಗಿಡ ಬಿಟ್ಟು ಎಡಕ್ಕ ನೋಡಿದಂಗ ಅನಸ್ತೈತ್ರಿ," ಎಂದು ಅವನು ಗೊಣಗಿದ.

"ಅನಸ್ಲಿ. ಅನಸೂದು ಸುಳ್ಳು. ಗೆರಿ ಖರೆ."

ಹೊಡೆದ. ಚೆಂಡು ಆಕಾಶಕ್ಕೆ ಏರಿತು, ತೂಗಿತು, ಬೇವಿನ ಗಿಡದ ಬುಡದಲ್ಲಿ ಇಳಿಯಿತು.

"ಬಿತ್ತು! ಪದ್ಮವ್ವಾರ... ಬಿತ್ತರಿ!" ಅವನು ಕೋಲು ಬಿಸಾಡಿ ಕುಣಿದ. ಅವಳು ಚಪ್ಪಾಳೆ ತಟ್ಟಿದಳು. ಉಗ್ರಾಣದ ಬಾಗಿಲಲ್ಲಿ ಕೂತಿದ್ದ ಭರಮಪ್ಪ ತಲೆ ಎತ್ತಿ ಇತ್ತ ನೋಡಿದ.

ಹದಿನೈದು ದಿನ ಕಳೆದವು. ತಿದ್ದುವುದು ಮುಗಿದಿತ್ತು, ಅವನು ಒಬ್ಬನೇ ಹೊಡೆಯುತ್ತಿದ್ದ. ಈಗ ಪದ್ಮವ್ವಳ ನಕಾಶೆಗಳ ಮೇಲೆ ಮಸಿ ಚೆಲ್ಲುತ್ತಿರಲಿಲ್ಲ. ಕಲ್ಲಿಗೆ ಟಪ್ ಎನ್ನುವ ಸದ್ದಿಲ್ಲ. ಸಾವಂತ್ರೆವ್ವ ಎಣಿಸುವುದನ್ನೇ ಬಿಟ್ಟಳು.

"ಕಾಗದ ನಿಂತ್ವಲ್ಲ ಪದ್ಮಕ್ಕಾ. ವಿಳಾಸ ಬದಲಾತೇನ?"

ಪದ್ಮವ್ವ ನಗಲಿಲ್ಲ. ಸಂಜೆ ಐದಾದರೆ ಅವಳ ಕೈ ತಾನಾಗಿಯೇ ನಿಲ್ಲುತ್ತಿತ್ತು. ಕಿಟಕಿಯ ಕಡೆಗೆ ಕಿವಿ. ಏನೂ ಬರುತ್ತಿರಲಿಲ್ಲ. ಎಲ್ಲವೂ ಗಿಡಕ್ಕೆ ಹೋಗುತ್ತಿದ್ದವು.

'ನಾನೇ ತಿದ್ದಿದೆ... ನಾನೇ ನನ್ನ ಕಿಟಕಿಯಿಂದ ಅವನನ್ನು ಆಚೆ ತಿರುಗಿಸಿದೆ!'

ಅವನು ಚೆನ್ನಾಗಿ ಹೊಡೆದಷ್ಟೂ ಬೆಳಗಾವಿ ಹತ್ತಿರವಾಗುತ್ತಿತ್ತು. ಕೆಟ್ಟದಾಗಿ ಹೊಡೆದರೆ ಅವನ ಕೆಲಸ ಹೋಗುತ್ತಿತ್ತು. ಅವಳು ಯಾವುದನ್ನು ಬೇಡಿಕೊಳ್ಳಬೇಕು? ಸವದತ್ತಿಯ ವಾಚನಾಲಯದಿಂದ ತಂದು ಓದುವ ಪರದೇಶದ ಕಾದಂಬರಿಗಳಲ್ಲಿ ಹೆಂಗಸರು ಇಂಥ ಹೊತ್ತಿಗೆ ರೈಲು ಹತ್ತಿ ಹೊರಟುಬಿಡುತ್ತಿದ್ದರು. ನವಿಲುತೀರ್ಥಕ್ಕೆ ರೈಲೇ ಇರಲಿಲ್ಲ.

ಅಷ್ಟರಲ್ಲಿ ಅವ್ವ ಲಗಮವ್ವ ಒಂದು ಸಂಜೆ, ರೊಟ್ಟಿ ಬಡಿಯುತ್ತಲೇ ಹೇಳಿದಳು.

"ರಾಮದುರ್ಗದಿಂದ ಐತವಾರ ನೋಡಾಕ ಬರ್ತಾರ. ಹುಡುಗ ಕಚೇರ್ಯಾಗ ಗುಮಾಸ್ತ. ಕಾಯಂ ನೌಕರಿ. ಹಸರ ಇಳಕಲ್ ಸೀರಿ ತಗದ ಇಡು."

ಪದ್ಮವ್ವ ಬಾಯಿ ತೆರೆದಳು. ಏನು ಹೇಳುವುದು? ಒಬ್ಬನ ಚೆಂಡುಗಳು ನನ್ನ ಕಿಟಕಿಗೆ ಬರುತ್ತಿದ್ದವು, ಈಗ ಬರುತ್ತಿಲ್ಲ ಎಂದೇ? ಅವನು ಒಂದು ಮಾತೂ ಆಡಿರಲಿಲ್ಲ. ಅವಳೂ ಆಡಿರಲಿಲ್ಲ.

ಎದ್ದು ಹೋಗಿ ಹಸಿರು ಸೀರೆಯನ್ನು ತೆಗೆದಿಟ್ಟಳು.

ಶುಕ್ರವಾರ ಅವಳು ಬಯಲಿಗೆ ಹೋದಾಗ ಅಲ್ಲಿ ಯಾರೂ ಇರಲಿಲ್ಲ. ಶನಿವಾರವೂ ಇರಲಿಲ್ಲ.

"ಶಟ್ಟೆಪ್ಪ? ಅಂವ ನಿನ್ನಿ ಬೈಲಹೊಂಗಲದ ಬಸ್ ಹತ್ತಿದ. ಅಲ್ಲಿಂದ ಬೆಳಗಾವಿಗಂತ," ಎಂದಳು ಸಾವಂತ್ರೆವ್ವ, ಚಹಾ ಸೋಸುತ್ತ. "ಹೋಗೂವಾಗ ನಿನ್ನ ಬಗ್ಗೆ ಕೇಳಿದ. ರಾಮದುರ್ಗದ ಸಂಬಂಧ ಗಟ್ಟಿ ಆತು ಅಂದೆ. ಸುಮ್ಮನ ಚೀಲ ಹೆಗಲಿಗೆ ಹಾಕ್ಕೊಂಡು ಹ್ವಾದ."

"ಗಟ್ಟಿ ಆಗೇತಿ ಅಂತ ಯಾರ ಹೇಳಿದ್ರ ನಿನಗ?!"

"ಮತ್ತ ಸೀರಿ ತಗದ ಇಟ್ಟೀ ಅಂತ ನಿಮ್ಮವ್ವನ ಅಂದ್ಲಲ್ಲ?"

ಪದ್ಮವ್ವ ಮೇಜಿಗೆ ಹೋಗಿ ಕೂತಳು. ಎದುರಿಗೆ ನಕಾಶೆ ಬಿಡಿಸುವ ಖಾಲಿ ಬಟ್ಟೆ. ಗೆರೆ ಎಳೆದಳು. ಸೊಟ್ಟಾಯಿತು. ಆ ಶೆಡ್ಡಿನಲ್ಲಿ ಅವಳ ಮೊದಲ ಸೊಟ್ಟ ಗೆರೆ ಅದು.

'ಕೇಳಲೂ ಇಲ್ಲ... ಒಂದು ಸಲ ನನ್ನನ್ನೇ ಕೇಳಬಾರದಿತ್ತೇ? ಅವನಿಗೆ ಬೇಕಾಗಿದ್ದು ನನ್ನ ಕಣ್ಣಷ್ಟೇ. ಗುರಿ ಸಿಕ್ಕಿತು, ಹೋದ!'

ಭಾನುವಾರ ರಾಮದುರ್ಗದವರು ಬಂದರು. ಅವಲಕ್ಕಿ ತಿಂದರು. ಹುಡುಗ ಒಳ್ಳೆಯವನೇ. ತಲೆಗೆ ಎಣ್ಣೆ ಹಚ್ಚಿ, ಅಂಗಿಯ ಜೇಬಿನಲ್ಲಿ ಎರಡು ಪೆನ್ನು ಇಟ್ಟುಕೊಂಡಿದ್ದ. ಒಪ್ಪಿಗೆ ಎಂದು ಹೇಳಿ ಹೋದರು. ಭರಮಪ್ಪ ಮಗಳನ್ನು ಹಿತ್ತಲಿಗೆ ಕರೆದ.

"ನಿನಗ ಸಾಲಿ ಕಲಿಸಿದ್ದು ಬಾಯಿ ಮುಚ್ಕೊಂಡು ಕುಂದ್ರಲಿ ಅಂತ ಅಲ್ಲ. ಒಪ್ಪಿಗಿ ಐತೋ ಇಲ್ಲೊ?"

ಅವಳು ಬಾವಿಯ ಗಡಗಡೆಯನ್ನು ನೋಡುತ್ತ ನಿಂತಳು. "ಗುರುವಾರ ಹೇಳತೇನಿ ಅಪ್ಪಾ."

"ಗುರುವಾರ ಏನೈತಿ?"

ಏನಿತ್ತು? ಏನೂ ಇರಲಿಲ್ಲ. ನಾಲ್ಕು ದಿನ ಉಸಿರಾಡಲು ಸಿಕ್ಕರೆ ಸಾಕಿತ್ತು.

ಸೋಮವಾರ ಕಳೆಯಿತು. ಮಂಗಳವಾರ, ಬುಧವಾರ... ಬಯಲಿನಲ್ಲಿ ಯಾರದೋ ಕುರಿಗಳು ಮೇಯುತ್ತಿದ್ದವು. ಗುರುವಾರ ಸಂಜೆ ಐದಕ್ಕೆ ಅವಳು ಲೇಖನಿ ಒರೆಸಿ ಪೆಟ್ಟಿಗೆಯಲ್ಲಿಟ್ಟಳು. ಮನೆಗೆ ಹೋಗಿ ಹೂಂ ಎನ್ನಬೇಕು. ಅಷ್ಟೇ. ಒಂದಕ್ಷರ.

ಟಪ್!

ಕಿಟಕಿಯ ಕೆಳಗಿನ ಕಲ್ಲು.

ಅವಳು ಎದ್ದಳು. ಮತ್ತೆ ಕೂತಳು. ಎರಡನೆಯ ಚೆಂಡು ಚೌಕಟ್ಟಿಗೆ ತಾಗಿ, ಒಳಗೆ ಉರುಳಿ, ಅವಳ ಪಾದದ ಬಳಿ ಬಂದು ನಿಂತಿತು.

ಬಯಲಿನಲ್ಲಿ ಬಿಳಿ ಅಂಗಿ ತೊಟ್ಟ ಶಟ್ಟೆಪ್ಪ. ಪಕ್ಕದಲ್ಲಿ ಚೀಲ. ಬಸ್ಸಿನ ಧೂಳು ಇನ್ನೂ ತಲೆಯಲ್ಲಿತ್ತು.

ಅವಳು ಚೆಂಡನ್ನು ಎತ್ತಿಕೊಂಡು, ಏದುಸಿರು ಬಿಡುತ್ತ ಹತ್ತಿರ ಬಂದಳು. ಮೊದಲು ಸಿಟ್ಟೇ ಬಂತು.

"ಎಲ್ಲಾ ಮರತ್ರಿ? ಇಷ್ಟು ಕಲಿಸಿದ್ದು ನೀರಾಗ ಹೋತೇನ? ಮತ್ತ ನನ್ನ ಕಿಟಕಿಗೇ!"

"ಮರ್ತಿಲ್ಲರಿ. ನೀವ ಒಂದ ಸಲ ಹಿಂದ ನಿಂತ ನೋಡ್ರಿ."

"ಏನ ನೋಡೂದು?"

"ನೋಡ್ರೆಲಾ..."

ಅವಳು ಹಿಂದೆ ಹೋದಳು. ಆಗ ಕಂಡಿತು. ನೆಲದ ಮೇಲೆ ಎರಡು ಕೆಂಪು ಬಿಳಿ ಕಂಬಗಳು. ಒಂದು ಚೆಂಡಿನ ದಾರಿಗೆ, ಇನ್ನೊಂದು ಕಾಲಿನ ದಾರಿಗೆ. ಎರಡೂ ಸಮ, ಅವಳ ಅಳತೆಪಟ್ಟಿಯಿಂದ ಎಳೆದ ಹಾಗೆ. ಚೆಂಡಿನಿಂದ ಒಂದು ಮೊಳ ಮುಂದೆ ಒಂದು ಬಿಳಿ ಹರಳು. ಹರಳಿನಾಚೆ, ಬಯಲಿನಾಚೆ... ಅವಳ ಕಿಟಕಿ.

ಗಿಡ ಎಲ್ಲೋ ಎಡಕ್ಕೆ, ಲೆಕ್ಕಕ್ಕಿಲ್ಲದೆ ನಿಂತಿತ್ತು.

"ಆಗ ತಪ್ಪಿ ಬರ್ತಿದ್ವು," ಎಂದ ಶಟ್ಟೆಪ್ಪ. "ಇವತ್ತ ತಪ್ಪಿಲ್ಲ. ಅನಸೂದು ಸುಳ್ಳು ಅಂದಿದ್ರಿ ನೀವ. ಅದಕ್ಕ ಗೆರಿ ಹಾಕಿ ತೋರ್ಸಾಕ ಬಂದೇನಿ."

ಪದ್ಮವ್ವಳಿಗೆ ಕಂಬಗಳು ಮಸುಕಾದವು. ಬಯಲೆಲ್ಲ ಮಸುಕಾಯಿತು.

"ಹೇಳದ ಹ್ವಾದ್ರಿ..."

"ಏನಂತ ಹೇಳ್ಲಿ? ಕೈಯಾಗ ಕೆಲಸ ಇರಲಿಲ್ಲ. ರಾಮದುರ್ಗದವರದು ಕಾಯಂ ನೌಕರಿ. ನಡುವ ನಾ ಯಾಂವ? ಬೆಳಗಾವ್ಯಾಗ ಕೆಲಸ ಆತ್ರಿ. ಆದ ಮ್ಯಾಲೂ ಮೂರ ದಿನ ಅಲ್ಲೇ ಕುಂತೆ, ನಿಮ್ಮದು ಗಟ್ಟಿ ಆಗೇತಿ ಅಂತ. ಇವತ್ತ ಮುಂಜಾನೆ ತಡಿಲಾರ್ದ ಬಸ್ ಹತ್ತೇನಿ. ಗಟ್ಟಿ ಆಗಿದ್ರ ಹೇಳಿಬಿಡ್ರಿ, ಕಂಬ ಎತ್ಕೊಂಡು ಹೊಕ್ಕೇನಿ."

"ಹತ್ತರಾಗ ಎಷ್ಟು ಬಿದ್ವು?"

"ಎಂಟು."

"ಉಳದ ಎರಡು?"

"ಬಲಕ್ಕ ಹ್ವಾದ್ವು. ನೀವು ಹಿಂದ ನಿಂತಿರಲಿಲ್ಲಲ್ರಿ."

ಅವಳು ನಕ್ಕಳು. ಅತ್ತಳು. ಎರಡೂ ಒಟ್ಟಿಗೆ ಬಂದಾಗ ಸೆರಗಿನಿಂದ ಮುಖ ಮುಚ್ಚಿಕೊಂಡಳು.

"ಗಟ್ಟಿ ಆಗಿಲ್ಲ," ಎಂದಳು ಸೆರಗಿನೊಳಗಿಂದಲೇ. "ಇವತ್ತ ಅಪ್ಪಗ ಉತ್ತರ ಕೊಡಬೇಕು. ಉಗ್ರಾಣದ ಬಾಗಲದಾಗ ಕುಂತಾನ. ಇಲ್ಲೇ ನೋಡಾಕ ಹತ್ಯಾನ."

ಶಟ್ಟೆಪ್ಪ ತಿರುಗಿ ನೋಡಿದ. ಅವನ ಕೈಯಿಂದ ಕೋಲು ಜಾರಿತು. "ಅಯ್ಯ... ಏನಂತ ಅಂತಾರೋ?"

"ಯಾರಿಗ್ಗೊತ್ತು? ನನಗೂ ಅಂಜಿಕಿನ ಐತಿ. ಬರ್ರಿ."

ಇಬ್ಬರೂ ನಡೆದರು. ನಡುವೆ ಒಂದು ಮಾರು ಅಂತರ. ದೂರದಲ್ಲಿ ಭರಮಪ್ಪ ನಿಧಾನವಾಗಿ ಎದ್ದು ನಿಂತ. ಅವನ ಮುಖ ಅಷ್ಟು ದೂರದಿಂದ ಕಾಣುತ್ತಿರಲಿಲ್ಲ.

"ಪದ್ಮವ್ವಾರ... ಚೆಂಡು ನಿಮ್ಮ ಕೈಯಾಗ ಐತಿ."

"ಹೂಂ."

"ಕೊಡ್ರೆಲಾ. ಹನ್ನೊಂದ ಅದಾವು."

ಅವಳು ಮುಷ್ಟಿಯನ್ನು ಬಿಗಿ ಮಾಡಿದಳು.

"ಇನ್ನ ಹತ್ತ ಅನ್ರಿ. ಇದು ನನ್ನ ವಿಳಾಸಕ್ಕ ಬಂದದ್ದು."