ಹವಳನುಡಿಯಲ್ಲಿ ಕ್ಷೇಮ ಕೇಳಿದ ಬೊಮ್ಮಕ್ಕ

ಸ್ವಲ್ಪ ಹತ್ತಿರ ಸರಿದು ಕೂತ್ಕೊಳ್ಳಿ. ಇದು ಗೋಡೆಗೂ ಕೇಳಬಾರದು. ಆಣೆ ಇಟ್ಟರಷ್ಟೇ ಹೇಳೋದು. ಇಟ್ಟಿರಾ? ಸರಿ.

ನಮ್ಮಜ್ಜಿಯ ಅಜ್ಜಿಗೂ ಹಲ್ಲು ಹುಟ್ಟುವ ಮೊದಲು, ಬೆಟ್ಟಗಳಾಚೆ ಮಿಣುಕೂರು ಅಂತ ಒಂದು ರಾಜ್ಯವಿತ್ತು. ಅಲ್ಲಿನ ಹಿರೀಕರ ಮಾತಿಗೆ ಹವಳನುಡಿ ಎಂದು ಹೆಸರು. ಹುಲಿಗೂ ತಿಳಿಯುತ್ತಿತ್ತು, ಕಲ್ಲಿಗೂ ತಿಳಿಯುತ್ತಿತ್ತು. ಆದರೆ ಅದಕ್ಕೊಂದು ಕಟ್ಟಳೆ. ಮೊದಲು ಮನೆಯವರ ಕ್ಷೇಮ ಕೇಳಬೇಕು. ಕೇಳಿದ ನುಡಿಯಲ್ಲೇ ಉತ್ತರ ಕೊಡಬೇಕು. ಸುಳ್ಳಾಡಿದವರು ಕೂತಲ್ಲೇ ಕಪ್ಪೆ. ಅರಮನೆಯವರು ಆ ಭಾಷೆಯನ್ನು ಆದಷ್ಟು ಕಮ್ಮಿ ಆಡುತ್ತಿದ್ದರು. ಯಾಕಂತ ನನ್ನ ಬಾಯಿಂದ ಹೇಳಿಸಬೇಡಿ.

ಆ ಊರಿನ ಬೊಮ್ಮಕ್ಕನಿಗೆ ಒಬ್ಬಳೇ ಮಗಳು, ನೀಲವ್ವ. ಅವಳನ್ನು ಬೂದಿಮುಖನೆಂಬ ಮಾಂತ್ರಿಕ ಹೊತ್ತೊಯ್ದ. ತಾನು ಬ್ರಹ್ಮಚಾರಿ, ಹುಣ್ಣಿಮೆಗೆ ಮದುವೆ ಎಂದು ಡಂಗುರ ಬೇರೆ ಹೊಡೆಸಿದ. ರಾಜನ ದಂಡು ಹೋಯಿತು. ದಳವಾಯಿ ಮಾಂತ್ರಿಕನ ಗಡಿ ಕಾಯುತ್ತಿದ್ದ ಹುಲಿಗೆ ಹವಳನುಡಿಯಲ್ಲೇ ದಾರಿ ಬಿಡು ಅಂದ. ಬಂದವನೇ ಅಪ್ಪಣೆ ಕೊಟ್ಟರೆ ಯಾರಿಗೆ ಸಿಟ್ಟು ಬರೋದಿಲ್ಲ? ದಂಡು ಚಪ್ಪಲಿ ಬಿಟ್ಟು ಓಡಿಬಂತು.

ಬೊಮ್ಮಕ್ಕ ಸೆರಗು ಬಿಗಿದು ತಾನೇ ಹೊರಟಳು.

ಹುಲಿ ಗುರ್ ಎಂದಿತು. "ಏಲುವಾ ಮಿರಿ ಏಲುವಾ?" ಎಂದಳು. ಮನೆಯಲ್ಲಿ ಎಲ್ಲರೂ ಚೆನ್ನಾಗಿದ್ದಾರಾ ಅಂತ. ಹುಲಿ ಕೂತೇಬಿಟ್ಟಿತು. ಸೊಸೆ ಏಳುವುದೇ ಮಧ್ಯಾಹ್ನವಂತೆ. ಹೇಳಿ ಹಗುರಾಗಿ ದಾರಿ ಬಿಟ್ಟಿತು.

ಮುಂದೆ ಏಳು ಹೆಡೆಯ ಸರ್ಪ. "ಏಲುವಾ ಮಿರಿ ಏಲುವಾ?" ಹುತ್ತದ ಪಾಲಿಗಾಗಿ ಹೆಡೆಹೆಡೆಗೆ ಮಾತಿಲ್ಲವಂತೆ. ಬೊಮ್ಮಕ್ಕ ರಾಜಿ ಮಾಡಿಸಿದಳು. ಅದೂ ಪಕ್ಕಕ್ಕೆ ಸರಿಯಿತು.

ಕೊನೆಗೆ ಕೋಟೆಯ ಕಲ್ಲುಬಾಗಿಲು. "ಏಲುವಾ ಮಿರಿ ಏಲುವಾ?" ಹುಟ್ಟಿದಾಗಿನಿಂದ ಯಾರೂ ಕ್ಷೇಮ ಕೇಳದ ಬಾಗಿಲು ಗಳಗಳನೆ ಅತ್ತಿತು. ಅಳುತ್ತಲೇ ಒಳಗಿನ ಗುಟ್ಟು ಬಿಚ್ಚಿತು: ಬೂದಿಮುಖನಿಗೆ ಆಗಲೇ ಮದುವೆಯಾಗಿದೆ, ಹೆಂಡತಿ ಯಾರ ಜೊತೆಗೋ ಓಡಿಹೋಗಿದ್ದಾಳೆ. ಹೇಳಿ ಮುಗಿಸಿ ತಾನಾಗೇ ತೆರೆದುಕೊಂಡಿತು.

ಮಂಟಪದಲ್ಲಿ ನೀಲವ್ವ ಹಾರ ಹಿಡಿದು ಅಳುತ್ತಿದ್ದಳು. ಬೊಮ್ಮಕ್ಕ ನೆಟ್ಟಗೆ ಮದುಮಗನ ಮುಂದೆ ನಿಂತಳು.

"ಏಲುವಾ ಮಿರಿ ಏಲುವಾ, ಅಳಿಯಂದಿರೇ?" ಎಂದಳು. ಆಮೇಲೆ ಅದೇ ನುಡಿಯಲ್ಲಿ, ನಗುನಗುತ್ತಾ, ಹೆಂಡತಿಯವರು ಸೌಖ್ಯವಾ ಎಂದು ಕೇಳಿದಳು.

ನೆಂಟರೆಲ್ಲ ತಿರುಗಿ ನೋಡಿದರು. ನಿಜ ಹೇಳಿದರೆ ಮಾನ ಹೋಗುತ್ತೆ, ಸುಳ್ಳು ಹೇಳಿದರೆ ಕಪ್ಪೆ. ಬೂದಿಮುಖ ಮಾನವನ್ನೇ ಆರಿಸಿಕೊಂಡ. ನನಗೆಲ್ಲಿಯ ಹೆಂಡತಿ ಅನ್ನುವಷ್ಟರಲ್ಲಿ ಬಾಸಿಂಗದ ಕೆಳಗೆ ಕಪ್ಪೆ ಕೂತಿತ್ತು.

ಮಾಯೆ ಕಳಚಿತು. ಹುಲಿ ಗವಿಗೆ, ಸರ್ಪ ಹುತ್ತಕ್ಕೆ, ತಾಯಿಮಗಳು ಮನೆಗೆ. ಊರಿಗೆಲ್ಲ ಹೋಳಿಗೆ ಊಟ. ಎಲ್ಲರಿಗೂ ಸಂತೋಷ, ಪಕ್ಕದ ಮನೆಯ ಸಂಕವ್ವ ಒಬ್ಬಳನ್ನು ಬಿಟ್ಟು. ಅವಳು ಹೋಳಿಗೆ ಮುಗಿಸಿ, ಕೈ ತೊಳೆದು ಬಂದು, ಬೊಮ್ಮಕ್ಕನ ಮುಖಕ್ಕೇ ಅಂದಳು:

"ಅಷ್ಟು ದೂರ ಹೋಗಿ, ಆ ಹೆಂಡತಿ ಯಾರ ಜೊತೆ ಓಡಿಹೋದಳು ಅಂತ ಕೇಳದೇ ಬಂದೆಯಲ್ಲೇ, ನೀನೂ ಒಂದು ಹೆಂಗಸಾ?"