ಎಂಟು ಸೀಟಿನ ತೂಕ

ಕಾನ್‌ಸ್ಟೆಬಲ್ ಪಾಪಣ್ಣ ಹೊಸೂರು ಠಾಣೆಯ ಅಂಗಳಕ್ಕೆ ನೀರು ಚಿಮುಕಿಸಿ ಅರ್ಧ ಗುಡಿಸಿದ್ದನಷ್ಟೆ. ಬೇರಿಕೆ ಹಳ್ಳಿಯ ಎತ್ತಿನ ಗಾಡಿಯೊಂದು ಬಂದು ಗುಡಿಸಿದ ಕಡೆಯೇ ನಿಂತಿತು. ಇಳಿದವರು ನಾಲ್ಕು ಜೋಡಿ ಗಂಡಹೆಂಡಿರು. 1948ರ ಮಾರ್ಚ್ 12, ಬೆಳಿಗ್ಗೆ ಏಳೂಕಾಲು.

ಇನ್‌ಸ್ಪೆಕ್ಟರ್ ನರಸಿಂಹಪ್ಪನವರು ದೂರು ಕೇಳುತ್ತಲೇ ಮೂಗು ಮುರಿದರು. ಟೋಪಿಯವನೊಬ್ಬ ಊರಿಗೆ ಬಂದು, ತಾನು ಆಫ್ರಿಕಾದ ನೈರೋಬಿಯ ವಿಮಾನ ಕಂಪನಿಯವನು ಎಂದಿದ್ದ. ಯುದ್ಧ ಮುಗಿದ ಮೇಲೆ ಹುಟ್ಟಿದ ಕಂಪನಿ. ಆರು ಪುಟ್ಟ ವಿಮಾನ, ಒಂದೊಂದರಲ್ಲಿ ಎಂಟೇ ಸೀಟು. ಮೊಂಬಾಸಾ, ಜಾಂಜಿಬಾರಿಗೆ ಹಾರಾಟ. ಅಲ್ಲಿನ ಅಡುಗೆಮನೆಗೆ, ತೋಟಕ್ಕೆ ನಾಲ್ಕು ಜೋಡಿ ಆಳು ಬೇಕು ಎಂದಿದ್ದ.

"ಅದಕ್ಕೆ ಒಡವೆ ಬಿಚ್ಚಿಕೊಟ್ರಾ?"

"ತೂಕ ಹಾಕೋಕೆ ಸ್ವಾಮಿ," ಎಂದಳು ಬಂದವರಲ್ಲಿ ಒಬ್ಬಳಾದ ಗೋವಿಂದಮ್ಮ. "ಹುಣಸೆ ಮರಕ್ಕೆ ದೊಡ್ಡ ತಕ್ಕಡಿ ಕಟ್ಟಿ ಒಬ್ಬೊಬ್ರನ್ನೂ ತೂಗ್ದ. ಸಣ್ಣ ವಿಮಾನ, ಒಂದು ತೊಲ ಹೆಚ್ಚಾದ್ರೂ ಏಳಲ್ಲ, ಒಡವೆ ಬೇರೆ ತೂಗ್ಬೇಕು ಅಂದ. ಆಮೇಲೆ ಗಂಟು ಕಟ್ಟಿ, ಅರಗು ಹಾಕಿ ನಮ್ ಕೈಗೇ ಕೊಟ್ಟ. ವಿಮಾನ ಹತ್ತೋವಾಗ್ಲೇ ಒಡೀಬೇಕಂತೆ."

"ಮತ್ತೆ ಈಗ್ಯಾಕೆ ಒಡದ್ರಿ?"

"ಸೋಮವಾರ ಮಗಳ ಮದುವೆ. ಧಾರೆ ಎರೆದು ಹೊರಡೋಣ ಅಂತಿದ್ವಿ. ಅವಳ ಓಲೆ ತೆಗೆಯೋಣ ಅಂತ ಬಿಚ್ಚುದ್ರೆ ಒಳಗೆ ಬೆಣಚುಕಲ್ಲು. ಓಲೆ ಇಲ್ದಿದ್ರೆ ಗಂಡಿನೋರು ಚಪ್ಪರಕ್ಕೇ ಬರಲ್ಲ ಸ್ವಾಮಿ."

"ತಾಳಿ ಬಿಟ್ಟಿದ್ದಾನಲ್ಲ!"

"ಅದನ್ನ ಬಿಚ್ಬೇಡಮ್ಮ, ಅಪಶಕುನ ಅಂದ. ಅದುಕ್ಕೇ ನಂಬುದ್ವಿ."

"ಕುರಿಯಾದ್ರೂ ತಕ್ಕಡಿ ಹತ್ತೋವಾಗ ಒದ್ದಾಡ್ತದೆ," ಎಂದು ಇನ್‌ಸ್ಪೆಕ್ಟರು ಎಫ್‌ಐಆರ್ ಬರೆಸಿದರು.

ಟಿಕೀಟು ಎಂದು ಅವನು ಕೊಟ್ಟಿದ್ದ ಚೀಟಿಯನ್ನು ಮಾತ್ರ ಅವರು ಎರಡು ಸಲ ನೋಡಿದರು. ಎಂಟು ಜನರ ತೂಕ ಪೌಂಡಿನಲ್ಲಿ, ಗಂಟುಮೂಟೆಯದು ಬೇರೆ, ಭಾರದವರು ಯಾವ ಸೀಟಿಗೆ, ಹಗುರದವರು ಯಾವುದಕ್ಕೆ ಎಂದು ಗೀಟು ಹಾಕಿ ಹಂಚಿದ್ದ. ಒಂದು ಕಡೆಯೂ ತಿದ್ದಿರಲಿಲ್ಲ.

"ಸುಳ್ಳುಗಾರ ಇಷ್ಟು ಕಷ್ಟಪಡಲ್ಲ ಪಾಪಣ್ಣ. ಇದು ಕೈಗೆ ರೂಢಿಯಾದ ಕೆಲಸ. ಅವನು ನಿಜವಾಗ್ಲೂ ಅಲ್ಲಿದ್ದವನೇ. ವಾಪಸ್ ಬಂದವನು ಅಕ್ಕಿ ತಿನ್ಬೇಕಲ್ಲ, ರೇಷನ್ ಪುಸ್ತಕ ನೋಡು."

ಹನ್ನೊಂದು ಗಂಟೆಗೆ ತಾಲ್ಲೂಕು ಕಚೇರಿಯ ಪುಸ್ತಕದಲ್ಲಿ ಹೆಸರು ಸಿಕ್ಕಿತು. ಕಳೆದ ಆರು ತಿಂಗಳಲ್ಲಿ ಆಫ್ರಿಕಾದಿಂದ ಬಂದು ಕಾರ್ಡು ಮಾಡಿಸಿದವನು ಒಬ್ಬನೇ: ಆಲಸನತ್ತದ ವೆಂಕಟೇಶಪ್ಪ.

ಮೂರು ಗಂಟೆಗೆ ಅವನ ಮನೆ. ಜೊತೆಗೆ ಬಂದಿದ್ದ ಗೋವಿಂದಮ್ಮ ಅವನ ಗುರುತು ಹಿಡಿದಳು. ರಾಗಿ ಗುಡಾಣದೊಳಕ್ಕೆ ಪಾಪಣ್ಣ ಮೊಣಕೈವರೆಗೆ ಕೈ ಹಾಕಿ ಗಂಟು ಎಳೆದ. ಇಬ್ಬರು ಪಂಚರ ಮುಂದೆ ಪಂಚನಾಮೆ ಬರೆದದ್ದಾಯಿತು. ಓಲೆ ಕಂಡದ್ದೇ ಗೋವಿಂದಮ್ಮ ಅಲ್ಲೇ ಕೂತು ಅತ್ತಳು. ಅವತ್ತೇ ರುಜು ಹಾಕಿಸಿಕೊಂಡು, ಕೋರ್ಟಿಗೆ ತರುವ ಮುಚ್ಚಳಿಕೆಯ ಮೇಲೆ, ಇನ್‌ಸ್ಪೆಕ್ಟರು ಓಲೆಯನ್ನು ಅವಳಿಗೆ ಕೊಡಿಸಿದರು.

"ಏನ್ಲಾ, ಕಂಪನೀಲಿ ನೀನೇನಾಗಿದ್ದೆ? ಸಾಹೇಬನಾ?"

"ತೂಗೋನು."

"ಥೂ. ತೂಗೋನಿಗೆ ಟೋಪಿ ಬೇರೆ."

ವೆಂಕಟೇಶಪ್ಪ ತಲೆ ಎತ್ತಲಿಲ್ಲ. "ಎರಡು ವರ್ಷ ಸ್ವಾಮಿ. ತೂಕದ ಹಲಗೆ ಮೇಲೆ ನಿಂತೋರು ಒಬ್ರೂ ನನ್ ಮುಖ ನೋಡಿಲ್ಲ. ಮುಳ್ಳು ನೋಡೋರು, ಇಳಿದು ಹೋಗೋರು. ಬೇರಿಕೇಲಿ ತಕ್ಕಡಿ ಕಟ್ಟಿದ ದಿನ ಎಂಟು ಜನಾನೂ ಕೈ ಮುಗುದ್ರು. ಆಮೇಲೆ ಬಿಡೋಕಾಗ್ಲಿಲ್ಲ."

"ಕೈ ಮುಗುದೋರ ಕಿವೀನೇ ಬರಿದು ಮಾಡ್ದೆ," ಎಂದು ಇನ್‌ಸ್ಪೆಕ್ಟರು ಬೇಡಿ ತೊಡಿಸಲು ಸನ್ನೆ ಮಾಡಿದರು.

ಅವನ ಎಂಟು ವರ್ಷದ ಮಗಳು ಶ್ಯಾಮಲ ಬಾಗಿಲ ಕಂಬಕ್ಕೆ ಒರಗಿದ್ದಳು. ಅಪ್ಪ ಮೋಡದ ಮೇಲಿಂದ ಆನೆ ನೋಡಿದ ಕತೆಯನ್ನು ಶಾಲೆಗೆಲ್ಲ ಹೇಳಿದ್ದವಳು. ಅಪ್ಪ ಹೊಸಿಲು ದಾಟುವಾಗ ಅವನ ಅಂಗಿಯ ತುದಿ ಹಿಡಿದಳು.

"ಅಪ್ಪಾ, ನಿನ್ನ ಒಂದ್ಸಲಾದ್ರೂ ವಿಮಾನದೊಳಗೆ ಕೂರಿಸಿದ್ರಾ?"