ಹುಲ್ಲಿನ ಮಂತ್ರಿಗೆ ಅವನ ಮುಖ

“ನನ್ನನ್ಯಾಕ ಸುಡಾಕತ್ತೀರಿ?”

ಮಸ್ಕಿ ಬಸ್‌ಸ್ಟ್ಯಾಂಡಿನ ಮುಂದಿನ ಪ್ರತಿಭಟನೆಯಲ್ಲಿ ಕಡ್ಡಿಪೆಟ್ಟಿಗೆ ಹಿಡಿದಿದ್ದ ಶಿವಕುಮಾರಿಯ ಕೈ ಗಾಳಿಯಲ್ಲೇ ನಿಂತಿತು. ಎದುರಿಗೆ ಅನಿಲಕುಮಾರ. ಸಿಂಧನೂರಿನ ಓದುಗರ ಬಳಗದಲ್ಲಿ ಅವಳ ಕೂಡ ಜಗಳವಾದ ಮೇಲೆ ಮುಖ ತೋರಿಸದೇ ಇದ್ದವನು.

“ನಿಮ್ಮನ್ನಲ್ರೀ, ಮಂತ್ರೀನ. ಯುದ್ಧ ಆಗ್ಲಿ ಅಂತ ಎ.ಸಿ. ರೂಮಿನಾಗ ಕುಂತು ಒದರಾಂವ. ಸಾಯಾಕ ಮಾತ್ರ ಬಡವರ ಮಕ್ಕಳು ಬೇಕು.”

“ಆ ಮಂತ್ರಿ ತಲಿ ಬೋಳು. ಇದಕ್ಕ ಗುಂಗುರು ಕೂದಲ ಅದಾವಲ್ರೀ.”

ಅವಳು ತಿರುಗಿ ನೋಡಿದಳು. ಬಳಗಾನೂರಿನ ನೆಲ್ಲುಹುಲ್ಲು ತುಂಬಿ, ಗಡಿಗೆಗೆ ಮಸಿಯಲ್ಲಿ ಮುಖ ಬರೆದು ತಾನೇ ಕಟ್ಟಿದ ಪ್ರತಿಕೃತಿ. ಗುಂಗುರು ಕೂದಲು. ಗದ್ದದ ಮೇಲೆ ಮಚ್ಚೆ. ಬಲಗೈಗೆ ಹಳೇ ವಾಚು...

ಅಯ್ಯೋ ಶಿವನೇ, ಬಲಗೈಗೆ ವಾಚು ಕಟ್ಟಾಂವ ಈ ಮೂರು ತಾಲೂಕಿನಾಗ ಇವನೊಬ್ಬನ!

ಚಹಾದಂಗಡಿಯ ದಸ್ತಗೀರ್‌ಸಾಬ್ ಕಣ್ಣು ಕಿರಿದು ಮಾಡಿದರು. “ಬೇಟಿ, ಇದು ನಮ್ಮ ಅನಿಲ ಅಲ್ಲೇನು? ಎಷ್ಟು ಚಂದ ಕಟ್ಟೀದಿ. ಸುಡಾಕ ಮನಸ್ಸರೆ ಹೆಂಗ ಬರತೈತಿ?”

ಘೋಷಣೆ ಕೂಗುತ್ತಿದ್ದವರು ಕಿಸಕ್ಕನೆ ನಕ್ಕರು.

“ಅವತ್ತು ಬಳಗದ ಭಾಷಣದಾಗ ಹೇಳಿದ್ರಿ,” ಅನಿಲ ಮೆಲ್ಲಗೆ ಅಂದ, “ದೇಶಗಳು ಒಳಮನಸ್ಸಿನಾಗ ಬಚ್ಚಿಟ್ಟಿದ್ದನ್ನ ವೈರಿ ಮುಖಕ್ಕ ಬಳೀತಾವ ಅಂತ.”

“ಅದಕ್ಕ ನೀವು ನಕ್ರಿ. ತುಂಬಿದ ಸಭಾದಾಗ.”

“ಮಾತಿಗೆ ನಕ್ಕಿಲ್ರೀ. ನೀವು ಮೈಕ್ ಅಂತ ತಿಳದು ನೀರಿನ ಬಾಟ್ಲಿ ಹಿಡದು ಗುಡುಗಾಕತ್ತಿದ್ರಿ. ಹೇಳಾಕ ಬಂದ್ರ ಬೈದು ಕಳಿಸಿದ್ರಿ.”

ಶಿವಕುಮಾರಿಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ದೇಶದೇಶಗಳ ಒಳಮನಸ್ಸನ್ನು ಬಯಲಿಗೆಳೆದವಳಿಗೆ ತನ್ನ ಬೆರಳುಗಳು ಏನು ಕಟ್ಟುತ್ತಿವೆ ಅನ್ನುವುದೇ ತಿಳಿದಿರಲಿಲ್ಲ. ಈಗ ಸುಟ್ಟರೆ ಇವನು ಮತ್ತೆಂದೂ ಬಳಗದ ಕಡೆ ಸುಳಿಯುವುದಿಲ್ಲ. ಸುಡದಿದ್ದರೆ ಮನಸ್ಸಿನ ಗುಟ್ಟು ಊರಿಗೆಲ್ಲ ಗೊತ್ತು.

ಗೊತ್ತಾದ್ರ ಆಗ್ಲಿ...

ಕಡ್ಡಿಪೆಟ್ಟಿಗೆಯನ್ನು ದಸ್ತಗೀರ್‌ಸಾಬರ ಕೈಗಿಟ್ಟಳು. ದುಪಟ್ಟಾದ ತುದಿ ಅಂಗಡಿಯ ನೀರಿಗೆ ಅದ್ದಿ, ಎಲ್ಲರೂ ನೋಡುತ್ತಿದ್ದಂತೆ ಮಚ್ಚೆ ಒರೆಸಿದಳು. ಕೂದಲು ಕಿತ್ತಳು. ವಾಚು ಬಿಚ್ಚಿದಳು.

“ಈಗ ಇಂವ ಮಂತ್ರಿ. ಹಚ್ರಿ ಬೆಂಕಿ.”

ಹುಲ್ಲು ಧಗ್ಗನೆ ಹೊತ್ತಿತು. ಯುದ್ಧದ ವಿರುದ್ಧದ ಕೂಗು ಮುಗಿಲಿಗೇರಿತು. ಹೊಗೆಯಲ್ಲಿ ಅನಿಲ ಅವಳ ಪಕ್ಕಕ್ಕೆ ಬಂದು ನಿಂತ.

“ನಮ್ಮ ಜಗಳ ಮುಗೀತೇನ್ರಿ?”

“ಇಲ್ಲ. ಪ್ರತಿ ಐತವಾರ ಬಂದು ಆಡಬೇಕು. ಬ್ಯಾರೆಯವರ ಕೂಡ ಜಗಳಾಡಿದ್ರ ರುಚಿನ ಹತ್ತವಲ್ದು.”

“ಇದಕ್ಕ ನಿಮ್ಮ ಮನಶ್ಶಾಸ್ತ್ರದ ಪುಸ್ತಕದಾಗ ಏನಂತಾರ?”

“ಪುಸ್ತಕದಾಗ ಏನರೆ ಅನ್ಲಿ,” ಅವಳು ನೆಲ ನೋಡುತ್ತ ಹೇಳಿದಳು, “ನಾ ಪ್ರೀತಿ ಅಂತೀನಿ.”

ಅನಿಲ ಅವಳ ಮಸಿಗೈಯನ್ನು ತನ್ನ ಕೈಯಲ್ಲಿ ಹಿಡಿದುಕೊಂಡ.

“ನಾನೂ ಹಂಗ ಅಂತಿದ್ದೆ. ನೀ ಮಾತಾಡಾಕ ಬಿಡಲೇ ಇಲ್ಲ.”